ಗೂಡಿನ ಎತ್ತರ

ಫೆಬ್ರವರಿ ೩, ಸೋಮವಾರ

ಡಾಕ್ಟರಮ್ಮ ಇವತ್ತೂ ಅದನ್ನೇ ಹೇಳಿದರು. "ಎದೆ ಬಡಿತಕ್ಕೆ ಮಾತ್ರೆ ಕೊಡಬಹುದು, ಹೆದರಿಕೆಗೆ ಏನು ಕೊಡಲಿ? ಯಾರ ಹತ್ತಿರಾನೂ ಹೇಳೋಕಾಗಲ್ಲ ಅಂದ್ರೆ ಬರೆದಾದ್ರೂ ಹಾಕಿ." ಹೇಳುವ ಹಾಗಿಲ್ಲ ಎಂಬುದು ನಿಜ. ಅಕ್ಕನಿಗೆ, ಭಾವನಿಗೆ, ಬೀದಿಯ ಅಂಗಡಿಯವನಿಗೆ ನಾನು ನಕ್ಷೆ ಆಫೀಸಿನವಳು. ಅದು ಸುಳ್ಳಲ್ಲ, ಅರ್ಧ ನಿಜ.

ಉಳಿದರ್ಧ ಇದು. ಟಯರ್ ಅಂಗಡಿಯ ಮೇಲೆ, ಎರಡು ಕೋಣೆಗಳ ಪುಟ್ಟ ಸಂಸ್ಥೆಯಲ್ಲಿ ಮೇಷ್ಟ್ರು ಮತ್ತು ನಾನು ಕೂತು, ನಮ್ಮದೇ ಸರ್ಕಾರ ಕಟ್ಟುತ್ತಿರುವ ಅಣುಶಕ್ತಿಯ ಸಬ್‌ಮರೀನನ್ನು ಹೊರಗಿನಿಂದ ಗಮನಿಸಿ, ಕಂಡದ್ದನ್ನು ಜನರ ಮುಂದೆ ಇಡುತ್ತೇವೆ. ಮೇಷ್ಟ್ರು ಮೊದಲು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದವರು. ನಾವು ಕಳ್ಳರಲ್ಲ. ಗೋಡೆ ಹಾರುವುದಿಲ್ಲ, ಯಾರ ಬಾಯಿಯನ್ನೂ ಬಿಡಿಸುವುದಿಲ್ಲ. ಉಪಗ್ರಹ ತೆಗೆದ, ಯಾರು ಕೇಳಿದರೂ ಸಿಗುವ ಚಿತ್ರ, ಪೇಪರಿನ ಟೆಂಡರು, 'ಕೆಲಸಕ್ಕೆ ಬೇಕಾಗಿದ್ದಾರೆ' ಜಾಹೀರಾತು, 'ಈ ವಾರ ಇತ್ತ ಬಲೆ ಬೀಸಬೇಡಿ' ಎಂದು ಬಂದರಿನವರು ಮೀನುಗಾರರಿಗೆ ಹೊರಡಿಸುವ ಸೂಚನೆ. ಎಲ್ಲರ ಕಣ್ಣೆದುರು ಬಿದ್ದದ್ದನ್ನೇ ಹೆಕ್ಕುತ್ತೇವೆ. ಸಬ್‌ಮರೀನು ಕಟ್ಟುವ ಯಾರ್ಡಿನಲ್ಲಿ, ಶೆಡ್ಡಿನ ಒಳಗೆ ಏನಿದೆಯೋ ಕಾಣುವುದಿಲ್ಲ. ಹೊಟ್ಟೆ ನೋಡಿ ತಿಂಗಳು ಹೇಳುವ ಸೂಲಗಿತ್ತಿಯ ಕೆಲಸ ನಮ್ಮದು ಎಂದು ಮೇಷ್ಟ್ರು ನಗುತ್ತಾರೆ.

ಇವತ್ತು ಅವರು ನಗಲಿಲ್ಲ. ಹೊಸ ಚಿತ್ರದಲ್ಲಿ, ದೊಡ್ಡ ಶೆಡ್ಡಿನ ಪಕ್ಕದ ಕಿಟಕಿಯಿಲ್ಲದ ಕಟ್ಟಡಕ್ಕೆ ಚಾವಣಿ ಹಾಕಿದ್ದಾರೆ. ಸುತ್ತ ಎರಡನೆಯ ಬೇಲಿ.

"ಇಂಧನ ತಂದಿಡೋ ಜಾಗ ಇದೇ ಕಣಮ್ಮ," ಎಂದರು. "ಒಳಗಡೆ ರಿಯಾಕ್ಟರಿಗೆ ತುಂಬೋ ಕಾಲ ಹತ್ತಿರ ಬಂತು. ಊರಿನವರಿಗೆ ಒಂದು ಮಾತು ಹೇಳಿಲ್ಲ ನೋಡು."

ಬೇಲಿಯಾಚೆ ರಸ್ತೆ. ರಸ್ತೆಯಾಚೆ ಶಾಲೆ. ಮೈದಾನದಲ್ಲಿ ಕಪ್ಪು ಚುಕ್ಕೆಗಳು. ಆಟದ ಪೀರಿಯಡ್ ಇರಬೇಕು. ಆ ಶಾಲೆಯ ಹೆಡ್ ಮೇಡಂ ನನ್ನ ಅಕ್ಕ. ಭಾವ ಆ ಯಾರ್ಡಿನಲ್ಲೇ ಬಣ್ಣದ ವಿಭಾಗದ ಮೇಸ್ತ್ರಿ. ಎರಡನ್ನೂ ಮೇಷ್ಟ್ರಿಗೆ ನಾನು ಇವತ್ತಿನವರೆಗೂ ಹೇಳಿಲ್ಲ. ಹೇಳಿದರೆ ಈ ಕೆಲಸದಿಂದ ತೆಗೆದುಬಿಡುತ್ತಾರೆ.

ಫೆಬ್ರವರಿ ೯, ಭಾನುವಾರ

ಅಕ್ಕನ ಮನೆಗೆ ಹೋಗಿ ಬಂದೆ. ರೈಲಿಳಿದು ಅವಳ ಬೀದಿಗೆ ತಿರುಗುವಾಗಲೇ ಯಾರ್ಡಿನ ಕ್ರೇನು ತಲೆಯ ಮೇಲೆ ನಿಂತ ಹಾಗಿರುತ್ತದೆ. ಅಲ್ಲಿನವರು ಯಾರೂ ಅದನ್ನು ನೋಡುವುದಿಲ್ಲ. ದಿನಾ ನೋಡುವ ಮುಖವನ್ನು ಯಾರು ನೋಡುತ್ತಾರೆ?

ಭಾವ ತಾರಸಿಯಲ್ಲಿದ್ದರು. ರಜೆಯ ದಿನ ಅವರನ್ನು ಕೆಳಗಿಳಿಸಲು ಅಕ್ಕ ಮೂರು ಸಲ ಕೂಗಬೇಕು. ಪಾರಿವಾಳಗಳು ಅಷ್ಟೇ ಅವರ ಲೋಕ. ಎದೆ ಉಬ್ಬಿಸಿ ನಡೆಯುವುದಕ್ಕೆ ಮಂತ್ರಿ ಎಂದೂ, ಸದಾ ತಲೆ ತಗ್ಗಿಸಿ ಕುಕ್ಕುವುದಕ್ಕೆ ಗುಮಾಸ್ತ ಎಂದೂ ಹೆಸರಿಟ್ಟಿದ್ದಾರೆ.

"ವಿಷಯ ಗೊತ್ತಾಯ್ತೇನೇ? ನಮ್ಮ ಮಂತ್ರಿಗಳು ಮೊಟ್ಟೆ ಇಟ್ಟರು!" ಎಂದರು. "ಇಷ್ಟು ದಿನ ಗಂಡು ಅಂದ್ಕೊಂಡು ಮರ್ಯಾದೆ ಕೊಟ್ಟಿದ್ದು."

"ಈಗ ಜಾಸ್ತಿ ಕೊಡಿ ಭಾವ," ಎಂದೆ.

ಫೋನು ಎತ್ತಿ ಗೂಡಿನ ಫೋಟೋ ತೆಗೆದರು. ವಾರಕ್ಕೊಂದಾದರೂ ತೆಗೆದು ಇಂಟರ್‌ನೆಟ್ಟಿನ ತಮ್ಮ ಪುಟಕ್ಕೆ ಹಾಕುತ್ತಾರೆ. ಎಲ್ಲೆಲ್ಲಿಯದೋ ಪಾರಿವಾಳದ ಹುಚ್ಚರು ಅದನ್ನು ಮೆಚ್ಚುತ್ತಾರೆ. ಗೂಡಿನ ಹಿಂದೆ, ಅವರ ಹೆಗಲ ಮೇಲಿಂದ, ಶೆಡ್ಡು. ಕಿಟಕಿಯಿಲ್ಲದ ಕಟ್ಟಡದ ಚಿಮಣಿ. ನಾನು ಕಣ್ಣು ಕೆಳಗೆ ಹಾಕಿದೆ. ಈ ಮನೆಯಲ್ಲಿ ಕಂಡದ್ದು ಈ ಮನೆಯಲ್ಲೇ ಎಂಬುದು ನಾನೇ ಮಾಡಿಕೊಂಡ ನಿಯಮ. ಭಾವನೂ ಯಾರ್ಡಿನ ಮಾತನ್ನು ಮನೆಗೆ ತಂದವರಲ್ಲ. "ಬಣ್ಣ ಬಳಿಯೋನಿಗೆ ಗೋಡೆ ಗೊತ್ತು, ಮನೆ ಗೊತ್ತಿಲ್ಲ" ಅಂದುಬಿಡುತ್ತಾರೆ.

ಊಟಕ್ಕೆ ಕೂತಾಗ ಅಕ್ಕನನ್ನು ಕೇಳಿದೆ. "ಶಾಲೆ ಹತ್ತಿರ ಏನೋ ಹೊಸ ಕಟ್ಟಡ ಎದ್ದಿದೆಯಲ್ಲ, ನಿಮಗೇನಾದ್ರೂ ಹೇಳಿದ್ದಾರಾ?"

"ಗೋದಾಮು ಅಂದ್ರು. ಧೂಳು ಬರುತ್ತೆ ಅಂತ ಅರ್ಜಿ ಕೊಟ್ಟೆ. ಧೂಳು ನಿಂತಿತು. ಯಾಕೆ?"

"ಸುಮ್ಮನೆ."

ಭಾವ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ ನನ್ನನ್ನು ನೋಡಿದರು. ಇಲ್ಲ, ನೋಡಿರಲಿಕ್ಕಿಲ್ಲ.

ಫೆಬ್ರವರಿ ೨೦

ಹತ್ತು ದಿನದಿಂದ ಮೋಡ. ಉಪಗ್ರಹದ ಚಿತ್ರ ತೆರೆದರೆ ಹತ್ತಿ ಹಾಸಿದ ಹಾಗೆ. ಮೇಷ್ಟ್ರು ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತಾರೆ. ಆಧಾರವಿಲ್ಲದೆ ಬಾಯಿಬಿಟ್ಟರೆ ಗಾಳಿಸುದ್ದಿ ಆಗುತ್ತದೆ, ಕಾದರೆ ಇಂಧನ ಬಂದೇಬಿಡುತ್ತದೆ.

ಮಧ್ಯಾಹ್ನ ಭಾವನ ಪುಟ ತೆರೆದೆ.

ಯಾರು ಬೇಕಾದರೂ ನೋಡಬಹುದಾದ ಪುಟ. ಬೀಗವಿಲ್ಲ. ವರ್ಷಗಟ್ಟಲೆ ಅದೇ ಜಾಗದಿಂದ, ಅದೇ ಎತ್ತರದಿಂದ, ವಾರ ತಪ್ಪದೆ ತೆಗೆದ ಫೋಟೋಗಳು. ಮೋಡವೂ ಅಡ್ಡವಿಲ್ಲ. ಮಂತ್ರಿಯ ಹಿಂದೆ ಅಡಿಪಾಯ, ಗುಮಾಸ್ತನ ಹಿಂದೆ ಗೋಡೆ, ಮರಿಗಳ ಹಿಂದೆ ಚಾವಣಿ. ಹೋದ ವಾರದ್ದರಲ್ಲಿ ಚಿಮಣಿಯ ಬುಡಕ್ಕೆ ಸೋಸುವ ಪೆಟ್ಟಿಗೆಗಳು ಕೂತಿವೆ. ಗಾಳಿಯಲ್ಲಿ ಹೋಗಬಾರದ್ದು ಒಳಗೆ ಬರುವುದಾದರೆ ಮಾತ್ರ ಅಂಥದ್ದನ್ನು ಕೂರಿಸುತ್ತಾರೆ.

ನನ್ನ ಜಾಗದಲ್ಲಿ ಬೇರೆ ಯಾರಿದ್ದರೂ ಈ ಪುಟ ಹುಡುಕುತ್ತಿದ್ದರು. ಸಂಬಂಧ ಇದೆ ಎಂಬ ಕಾರಣಕ್ಕೆ ಕಣ್ಣು ಮುಚ್ಚಿಕೊಳ್ಳುವುದೂ ಒಂದು ಮೋಸವೇ. ಅಲ್ಲವೇ? ಶಾಲೆಯ ಮಕ್ಕಳ ಪ್ರಶ್ನೆ ಇದು.

ಚಿಮಣಿ, ಪೆಟ್ಟಿಗೆ, ಬಾಗಿಲು ಎಲ್ಲವನ್ನೂ ಅಳೆದೆ. ಗೂಡಿನ ಎತ್ತರ ಗೊತ್ತಿದ್ದದ್ದರಿಂದ ಲೆಕ್ಕ ಸುಲಭವಾಯಿತು.

ಫೆಬ್ರವರಿ ೨೭

ವರದಿ ಮುಗಿಯಿತು. ಪಾರಿವಾಳ, ತಾರಸಿಯ ಕಟ್ಟೆ, ಒಣಗಲು ಹಾಕಿದ ಅಕ್ಕನ ಬಟ್ಟೆ, ಎಲ್ಲ ಕತ್ತರಿಸಿ ತೆಗೆದು ಹಿಂದಿನ ಕಟ್ಟಡ ಮಾತ್ರ ಉಳಿಸಿದ್ದೇನೆ.

"ಯಾರದ್ದು ಈ ಪುಟ?" ಎಂದರು ಮೇಷ್ಟ್ರು.

"ಯಾರೋ ಪಾರಿವಾಳ ಸಾಕೋರು."

"ಅಳತೆಗೆ ಗೂಡನ್ನ ಹಿಡಿದಿದ್ದೀಯಲ್ಲ, ಅದರ ಎತ್ತರ ಹೇಗೆ ಗೊತ್ತಾಯ್ತು?"

"ಎಲ್ಲ ಕಡೆ ಹೆಚ್ಚುಕಡಿಮೆ ಅಷ್ಟೇ ಇರುತ್ತೆ ಮೇಷ್ಟ್ರೇ."

ಅವರು ತಲೆಯಾಡಿಸಿದರು. ವರದಿಗೆ ಎಂದಿನ ಹಾಗೆ ಸಂಸ್ಥೆಯ ಹೆಸರು ಮಾತ್ರ, ನಮ್ಮ ಹೆಸರಿಲ್ಲ.

ಮಾರ್ಚ್ ೬

ಪೇಪರುಗಳ ಮೊದಲ ಪುಟ. 'ಶಾಲೆಯ ಪಕ್ಕ ಅಣು ಇಂಧನ?' ಸರ್ಕಾರದ ಕಡೆಯವರು "ದೇಶದ ಭದ್ರತೆಯ ವಿಷಯ, ಜನ ಆತಂಕಪಡಬೇಕಾಗಿಲ್ಲ" ಎಂದರು. ಇಲ್ಲ ಎನ್ನಲಿಲ್ಲ. ಮೇಷ್ಟ್ರು ಆ ವಾಕ್ಯವನ್ನು ಎರಡು ಸಲ ಓದಿಸಿದರು.

ಕೆಳಗೆ ಟಯರ್ ಅಂಗಡಿಯವನು ಪೇಪರಿನಲ್ಲಿ ಕೈ ಒರೆಸುತ್ತಾ, "ಸಮುದ್ರದಲ್ಲಿ ಮುಳುಗೋ ಹಡಗು ಕಟ್ಟೋಕೆ ಇಷ್ಟು ಗಲಾಟೆ. ನಾನು ಕಟ್ಟಿದ್ರೆ ತನ್ನಷ್ಟಕ್ಕೆ ತಾನೇ ಮುಳುಗುತ್ತೆ ಮೇಡಂ," ಎಂದ. ನಕ್ಕೆ. ತುಂಬ ದಿನದ ಮೇಲೆ ನಕ್ಕಿದ್ದು.

ಸಂಜೆ ಟೀವಿ ಹಾಕಿದೆ. ಯಾವನೋ ಜಾಣ ನಮ್ಮ ಕತ್ತರಿಸಿದ ಚಿತ್ರ ಹಿಡಿದು ಮೂಲ ಫೋಟೋ ಹುಡುಕಿ ತೆಗೆದಿದ್ದಾನೆ. ಪರದೆಯ ತುಂಬ ಮಂತ್ರಿ. ಪಕ್ಕದಲ್ಲಿ ಗೂಡು. ಮೂಲೆಯಲ್ಲಿ ಒಣಹಾಕಿದ ಅಕ್ಕನ ಹಸಿರು ಸೀರೆ.

ಟೀವಿ ಆರಿಸಿದೆ.

ಮಾರ್ಚ್ ೭

ಭಾವನ ಪುಟ ಇಲ್ಲ. ಅಕ್ಕ ಫೋನ್ ಎತ್ತುತ್ತಿಲ್ಲ.

ಮಾರ್ಚ್ ೮, ಶನಿವಾರ

ಅಕ್ಕ ಎದುರು ಮನೆಯ ದರ್ಜಿಯ ಫೋನಿನಿಂದ ಮಾಡಿದಳು. ದನಿ ಇಷ್ಟೇ ಇಷ್ಟು.

"ನಿನ್ನೆ ಯಾರ್ಡಿನ ಗೇಟಲ್ಲೇ ಇವರನ್ನ ಕರ್ಕೊಂಡು ಹೋದ್ರಂತೆ ಕಣೇ. ಮನೆಗೆ ಬಂದು ನಮ್ಮ ಫೋನೆಲ್ಲ ತಗೊಂಡ್ರು. ಗೂಡು ಬಿಚ್ಚಿ ಹಲಗೆ ಹಲಗೆ ನೋಡಿದ್ರು. ಪಾರಿವಾಳ ಎಲ್ಲ ಹಾರಿ ಹೋಗಿ ತಾರಸಿ ಕಟ್ಟೆ ಮೇಲೇ ಕೂತ್ಕೊಂಡಿವೆ. ಎಲ್ಲಿಗೆ ಹೋಗಬೇಕು ಅವು?"

"ಏನು ಕೇಳ್ತಾರಂತೆ?"

"ಫೋಟೋ ಯಾರಿಗೆ ಕೊಟ್ಟೆ, ಯಾರು ತೆಗಿ ಅಂದ್ರು. ಪಾರಿವಾಳ ಹಿಡ್ಕೊಂಡು ಬೇಹುಗಾರಿಕೆ ಮಾಡೋಕೆ ಇವರಿಗೆ ತಲೆ ಕೆಟ್ಟಿದೆಯಾ? ನೀನು ನಕ್ಷೆ ಆಫೀಸಲ್ಲಿ ಇದ್ದೀಯಲ್ಲ, ಸರ್ಕಾರದೋರು ಯಾರಾದ್ರೂ ಗೊತ್ತಾ ನಿನಗೆ? ಒಂದು ಮಾತು ಹೇಳಿಸ್ತೀಯಾ?"

"ನೋಡ್ತೀನಿ ಅಕ್ಕ," ಎಂದೆ.

ನೋಡ್ತೀನಿ ಎಂದೆ.

ಮಾರ್ಚ್ ೧೦

ಮೇಷ್ಟ್ರಿಗೆ ಹೇಳಿದೆ. ಎಲ್ಲ ಹೇಳಿದೆ. ಅವರು ವರದಿಯನ್ನು ಎಳೆದುಕೊಂಡು ಅಳತೆಯ ಪುಟ ತೆರೆದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಗೂಡಿನ ಎತ್ತರ?"

"ಭಾವ ಗೂಡು ಕಟ್ಟುವಾಗ ಟೇಪಿನ ಇನ್ನೊಂದು ತುದಿ ಹಿಡ್ಕೊಂಡಿದ್ದೋಳು ನಾನು."

"ಅಯ್ಯೋ ದೇವರೇ. ಹಾಗಿದ್ರೆ ಅದು ಎಲ್ಲರಿಗೂ ಗೊತ್ತಿರೋ ಆಧಾರ ಅಲ್ಲ. ಮನೆಯೊಳಗಿನ ಮಾತು. ಅವರು ಹಿಡಿಯೋದು ಅದನ್ನೇ."

ಹೋಗಿ ಒಪ್ಪಿಕೊಳ್ಳುತ್ತೇನೆ ಎಂದೆ. "ಬೇಡ," ಎಂದರು. "ಈಗ ಅವರ ಹತ್ತಿರ ಒಬ್ಬ ಪಾರಿವಾಳದ ಮನುಷ್ಯ ಇದ್ದಾನೆ, ಅಷ್ಟೇ. ನೀನು ಹೋದ್ರೆ ಅವರಿಗೆ ಕಥೆ ಪೂರ್ತಿ ಸಿಗುತ್ತೆ. ಯಾರ್ಡಿನೊಳಗೆ ಭಾವ, ಹೊರಗೆ ನಾದಿನಿ. ಇಬ್ಬರೂ ಆಚೆ ಬರಲ್ಲ."

ನನಗಾಗಿ ಹೇಳಿದರೋ, ಸಂಸ್ಥೆಗಾಗಿಯೋ?

ಕೆಳಗೆ ಟಯರ್ ಅಂಗಡಿಯ ಬೆಂಚಿನಲ್ಲಿ ಒಬ್ಬ ಕೂತಿದ್ದ. ಗಾಡಿ ಇಲ್ಲ, ಟಯರೂ ಇಲ್ಲ. ಕೈಯಲ್ಲಿ ಪೇಪರು ಇತ್ತು, ಆದರೆ ಅವನು ಪುಟ ತಿರುಗಿಸಿದ್ದನ್ನು ನಾನು ನೋಡಲಿಲ್ಲ.

ಮಾರ್ಚ್ ೧೧

ಬೇರೆ ಬಸ್ಸಿನಲ್ಲಿ ಬಂದೆ. ಬೆಂಚಿನಲ್ಲಿ ಇನ್ನೊಬ್ಬ.

ಮಾರ್ಚ್ ೧೩

ಯಾರಾದರೂ ಕದ್ದು ಕೇಳಿಯಾರು ಎಂದು ಫೋನನ್ನು ಅಕ್ಕಿ ಡಬ್ಬಿಯೊಳಗೆ ಇಟ್ಟಿದ್ದೇನೆ. ಪರದೆ ಎಳೆದೇ ಇರುತ್ತದೆ, ಗಿಡಗಳು ಹಳದಿಯಾಗುತ್ತಿವೆ. ಬಟ್ಟೆಯನ್ನು ಒಳಗೇ ಒಣಹಾಕುವುದು ರೂಢಿಯಾಯಿತು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾದರೆ ಉಸಿರು ಬಿಗಿಹಿಡಿದು ಕೂರುತ್ತೇನೆ, ಅದು ಮೇಲಿನ ಮನೆಗೆ ಹೋದ ಮೇಲೆ ಬಿಡುತ್ತೇನೆ. ಹಾಲಿನವಳು ಬಾಗಿಲು ಬಡಿದು ಬಡಿದು, "ಊರಿಗೆ ಹೋಗಿದ್ದಾರೇನೋ," ಎಂದು ಯಾರಿಗೋ ಹೇಳಿದಳು. ಒಳಗೆ ನಿಂತು ಕೇಳಿಸಿಕೊಂಡೆ. ಅನುಕೂಲವೇ ಆಯಿತು.

ಡಾಕ್ಟರಮ್ಮನ ಹತ್ತಿರ ಇವತ್ತು ಹೋಗಬೇಕಿತ್ತು. ಹೋಗಲಿಲ್ಲ. ಅಲ್ಲಿ ಹೆಸರು ಬರೆಸಬೇಕು.

ಮಾರ್ಚ್ ೧೭, ಸೋಮವಾರ

ದರ್ಜಿಯ ಫೋನು. ಅಕ್ಕ ಒಂದೇ ಮಾತು ಹೇಳಿದಳು.

"ಇವರು ಮನೆಗೆ ಬಂದ್ರು."

ಸ್ನಾನದ ಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಮಾರ್ಚ್ ೧೯, ಬುಧವಾರ

ಇದನ್ನು ಬಸ್ಸಿನಲ್ಲೇ ಬರೆಯುತ್ತಿದ್ದೇನೆ. ಅಕ್ಷರ ಕುಣಿಯುತ್ತಿವೆ.

ಹೇಳದೆ ಇರಲಾಗಲಿಲ್ಲ. ರೈಲು ಬಿಟ್ಟು ಎರಡು ಬಸ್ಸು ಬದಲಿಸಿ, ಮಾರ್ಕೆಟ್ಟಿನ ಹಿಂದಿನಿಂದ ಸುತ್ತಿ ಹೋದೆ. ದರ್ಜಿ ಮೆಷಿನ್ನಿನಿಂದ ತಲೆಯೆತ್ತಿ, "ಅಕ್ಕನ್ನ ನೋಡೋಕೆ ಬಂದ್ರಾ?" ಎಂದ. ಇಷ್ಟೆಲ್ಲ ಸುತ್ತಿದ್ದು ದಂಡ.

ಭಾವ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಅಂಗಿಯ ಕಾಲರು ಕುತ್ತಿಗೆಗೆ ದೊಡ್ಡದಾಗಿತ್ತು. ನನ್ನನ್ನು ಕಂಡು ಅವರ ಕೈ ನಿಂತಿತು. ಈ ಸಲ ಅವರು ನೋಡಿದ್ದು ನಿಜ.

"ನೀನು ಬರಬಾರದಿತ್ತು," ಎಂದರು.

"ಭಾವ, ಆ ವರದಿ..."

"ಗೊತ್ತು."

ಅಕ್ಕ ಒಲೆಯ ಮುಂದಿನಿಂದ ತಿರುಗಿದಳು. "ಏನು ಗೊತ್ತು?"

ಭಾವ ಸೊಪ್ಪಿನ ದಂಟು ಮುರಿಯುತ್ತಾ, ಪಾರಿವಾಳದ ಕಾಯಿಲೆ ಹೇಳುವಷ್ಟು ತಣ್ಣಗೆ ಹೇಳಿದರು. ಮೊದಲ ದಿನವೇ ವಿಚಾರಣೆಯವರು ವರದಿಯನ್ನು ಮುಂದಿಟ್ಟು, ಗೂಡಿನ ಎತ್ತರದ ಮೇಲೆ ಬೆರಳಿಟ್ಟಿದ್ದರಂತೆ. ನಿನ್ನ ಗೂಡಿನ ಎತ್ತರ ಇಷ್ಟು ಸರಿಯಾಗಿ ಯಾರಿಗೆ ಗೊತ್ತು ಎಂದು ಕೇಳಿದರಂತೆ.

"ಟೇಪ್ ಹಿಡಿದೋರು ಇಬ್ಬರೇ ಅಲ್ವಾ," ಎಂದರು ಭಾವ. "ನಾನಂತೂ ಬರೆದಿಲ್ಲ."

"ನೀವು ಏನು ಹೇಳಿದ್ರಿ?" ಎಂದೆ.

"ಪಾರಿವಾಳದ ಗೆಳೆಯರು ಕೇಳಿದ್ರು, ಗೂಡು ಕಟ್ಟೋಕೆ ಅಳತೆ ಕೊಟ್ಟೆ, ಯಾರಿಗೆ ಅಂತ ನೆನಪಿಲ್ಲ ಅಂದೆ. ದಡ್ಡ ಅಂತ ಬರ್ಕೊಂಡ್ರು. ದಡ್ಡನಿಗೆ ಜೈಲಿಲ್ಲ. ಬಣ್ಣದ ಕೆಲಸ ತಪ್ಪಿಸಿ ಉಗ್ರಾಣಕ್ಕೆ ಹಾಕಿದ್ದಾರೆ." ಆಮೇಲೆ ಮೆಲ್ಲಗೆ ಹೇಳಿದರು. "ಹೆಂಡತಿ ತಂಗಿ ಏನು ಕೆಲಸ ಮಾಡ್ತಾಳೆ ಅಂತಾನೂ ಕೇಳಿದ್ರು. ಗೊತ್ತಿಲ್ಲ ಸಾರ್, ಜಗಳಗಂಟಿ, ಅವರಮ್ಮನ ಮನೆ ಮಾರಿದಾಗಿಂದ ನಮಗೂ ಅವಳಿಗೂ ಆಗಿಬರಲ್ಲ, ಫೋನ್ ಮಾಡಿದ್ರೂ ಜಗಳಕ್ಕೇ ಮಾಡೋದು ಅಂದೆ. ಒಂದು ಸಲ ಅಲ್ಲ, ದಿನಾ ಕೇಳಿದ್ರು. ದಿನಾ ಅದನ್ನೇ ಅಂದೆ."

"ನಾನು ಹೋಗಿ ಒಪ್ಕೋತೀನಿ ಭಾವ."

"ಒಪ್ಕೊಂಡ್ರೆ ನಾನು ಸುಳ್ಳು ಹೇಳಿದ್ದು ಸಾಬೀತಾಗುತ್ತೆ. ಆವಾಗ ದಡ್ಡ ಅಲ್ಲ ನಾನು." ಸೊಪ್ಪಿನ ತಟ್ಟೆಯನ್ನು ಪಕ್ಕಕ್ಕಿಟ್ಟರು. "ಆ ಸುಳ್ಳನ್ನ ಇನ್ನು ನಿಜ ಮಾಡಬೇಕು, ಕಣಮ್ಮ. ಬೇರೆ ದಾರಿಯಿಲ್ಲ."

ಅಕ್ಕ ಒಲೆ ಆರಿಸಿದಳು.

"ನೀನಾ?" ಎಂದಳು.

"ಶಾಲೆಯ ಪಕ್ಕ ಅಕ್ಕ. ನಿನ್ನ ಮಕ್ಕಳು..."

"ವಿಕಿರಣ ಸೋರಿದ್ರೆ ಮಕ್ಕಳಿಗೆ ನುಂಗಿಸೋಕೆ ಅಂತ ಹೋದ ವಾರ ಶಾಲೆಗೆ ಮಾತ್ರೆ ಡಬ್ಬ ಬಂತು. ಸೈರನ್ ಹಾಕಿದ್ರು. ಅನಾಹುತ ಆದ್ರೆ ಮಕ್ಕಳನ್ನ ಯಾವ ಕಡೆ ಕರ್ಕೊಂಡು ಹೋಗಬೇಕು ಅಂತ ತೋರಿಸಿಕೊಟ್ರು. ಇಂಧನ ತರೋದನ್ನೂ ಮುಂದಕ್ಕೆ ಹಾಕಿದ್ದಾರಂತೆ." ಅವಳ ಮುಖದಲ್ಲಿ ಏನೂ ಇರಲಿಲ್ಲ. "ಅದು ನಿನ್ನಿಂದ ಆಗಿದ್ದು ಅನ್ನು."

ಹೌದು ಎನ್ನಲೋ, ಬೇಡವೋ?

"ನನಗೆ ಹೇಳಬಹುದಿತ್ತು. ಊಟಕ್ಕೆ ಕೂತಾಗ ಕೇಳಿದೆಯಲ್ಲ, ಆವಾಗ ಹೇಳಬಹುದಿತ್ತು. ಫೋಟೋ ತೆಗಿಬೇಡಿ ಅಂತ ಒಂದು ಮಾತು ಇವರಿಗೆ ಹೇಳಬಹುದಿತ್ತು."

ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಭಾವ ಮತ್ತು ನಾನು ಉಳಿದ ಸೊಪ್ಪು ಬಿಡಿಸಿದೆವು. ತುಂಬ ಹೊತ್ತಾಯಿತು. ಪಾರಿವಾಳಗಳನ್ನು ಬೇರೆ ಊರಿನ ಗೆಳೆಯರೊಬ್ಬರಿಗೆ ಕೊಟ್ಟುಬಿಟ್ಟೆ ಎಂದರು ಭಾವ. ಕೊಟ್ಟ ಮೇಲೂ ಒಂದೆರಡು ವಾಪಸು ಬಂದವಂತೆ. "ಬುದ್ಧಿ ಇಲ್ಲ ಅವಕ್ಕೆ," ಎಂದರು.

ಅಕ್ಕ ಕೈಚೀಲ ಹಿಡಿದು ಹೊರಬಂದಳು. ಅವಳ ಶಾಲೆಯ ದನಿ ಬಂದಿತ್ತು.

"ನೀನು ಬಂದಿದ್ದನ್ನ ದರ್ಜಿ ನೋಡಿದ್ದಾನೆ. ಹಾಗಾಗಿ ನೀನು ಹೋಗೋದನ್ನ ಬೀದಿಯೆಲ್ಲ ನೋಡಬೇಕು. ನಾನು ಬೈತೀನಿ. ನೀನೂ ತಿರುಗಿ ಬೈ. ಅಳಬೇಡ. ಅತ್ತರೆ ಜಗಳ ಅನ್ನಿಸಲ್ಲ. ಆಮೇಲೆ ಫೋನು ಬೇಡ, ಕಾಗದ ಬೇಡ. ನಾನು ಸತ್ತೆ ಅಂತ ಸುದ್ದಿ ಬಂದ್ರೂ ಬರಬೇಡ."

"ಎಷ್ಟು ದಿನ?"

ಅವಳು ಬಾಗಿಲು ತೆರೆದಳು.

ನಾನು ಗೇಟು ದಾಟುವಷ್ಟರಲ್ಲಿ ಶುರುವಾಯಿತು. "ಇನ್ನೊಂದು ಸಲ ಈ ಬಾಗಿಲಿಗೆ ಬಂದ್ರೆ ನೆಟ್ಟಗಿರಲ್ಲ ನೋಡು! ಅಮ್ಮನ ಮನೆ ನುಂಗಿ ನೀರು ಕುಡಿದೋಳು ನನ್ನ ಮನೇನೂ ನುಂಗೋಕೆ ಬಂದೆಯಾ?" ದರ್ಜಿಯ ಮೆಷಿನ್ನು ನಿಂತಿತು. ಕಿಟಕಿಗಳು ತೆರೆದುಕೊಂಡವು. ಮೂಲೆಯ ಅಂಗಡಿಯ ಮುಂದೆ ನಿಂತಿದ್ದವರು ತಿರುಗಿದರು.

"ನಿನ್ನ ಮನೆ ನೀನೇ ತಲೆ ಮೇಲೆ ಹೊತ್ಕೊಂಡಿರು!" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅಕ್ಕ ಬರಿಗಾಲಿನಲ್ಲಿ ಬೀದಿಗಿಳಿದು ಬಂದಳು. ಕುತ್ತಿಗೆಯ ನರ ಉಬ್ಬಿತ್ತು.

"ನಿನ್ನ ಕಣ್ಣೇ ಕೆಟ್ಟದ್ದು ಕಣೇ! ಚಿಕ್ಕಂದಿನಿಂದ ನೋಡ್ತಿದ್ದೀನಿ. ದೂರದಲ್ಲಿ ಇರೋದೆಲ್ಲ ಕಾಣುತ್ತೆ ನಿನಗೆ. ಪಕ್ಕದಲ್ಲಿ ಕೂತು ಅನ್ನ ಹಾಕಿದೋರು ಕಾಣಲ್ಲ!"

ಇದು ಅಮ್ಮನ ಮನೆಯ ಜಗಳವಲ್ಲ. ನಾವು ಮಾತಾಡಿಕೊಂಡದ್ದಲ್ಲ. ಕೈಚೀಲವನ್ನು ನನ್ನ ಎದೆಗೆ ಎಸೆದಳು. "ತಗೊಂಡು ಹೋಗು ನಿನ್ನದೆಲ್ಲ!" ನಾನು ಅವಳ ಮುಖವನ್ನೇ ನೋಡುತ್ತಾ ನಿಂತೆ. ಕಣ್ಣು ಕೆಂಪಗಿತ್ತು. ಸಿಟ್ಟಿಗೂ ಕೆಂಪಾಗುತ್ತದೆ, ಅಳು ತಡೆದರೂ ಕೆಂಪಾಗುತ್ತದೆ. ಯಾವುದೆಂದು ತಿಳಿಯಲಿಲ್ಲ. ದರ್ಜಿ ಬಂದು, "ಹೋಗಿಬಿಡಿ ಮೇಡಂ, ಅವರಿಗೆ ಮನಸ್ಸು ಸರಿಯಿಲ್ಲ," ಎಂದು ನನ್ನನ್ನು ಬಸ್‌ಸ್ಟಾಪಿನ ಕಡೆ ತಿರುಗಿಸಿದ. ಹಿಂದಿನಿಂದ ಬಾಗಿಲು ಬಡಿದ ಸದ್ದಾಯಿತು.

ಬಸ್ಸು ಹೊರಟು ಯಾರ್ಡಿನ ಗೋಡೆ ದಾಟಿದ ಮೇಲೆ ಚೀಲ ತೆರೆದೆ. ಅವಳ ಮನೆಯಲ್ಲಿ ಉಳಿದಾಗ ಹಾಕಿಕೊಳ್ಳಲೆಂದು ಇಟ್ಟಿದ್ದ ನನ್ನ ಬಟ್ಟೆಗಳು. ಎರಡು ನೈಟಿ, ಒಂದು ಟವಲು. ಒಂದು ಚೀಟಿಯಾದರೂ ಇದ್ದೀತು ಎಂದು ಮಡಿಕೆ ಮಡಿಕೆ ಬಿಡಿಸಿದೆ. ಚೀಲದ ಹೊಲಿಗೆ ತಡವಿದೆ. ಏನೂ ಇರಲಿಲ್ಲ.

ಆದರೆ ಇಸ್ತ್ರಿ ಮಾಡಿದ್ದಳು. ಹಳೆಯ ನೈಟಿಗೆ ಯಾರು ಇಸ್ತ್ರಿ ಮಾಡುತ್ತಾರೆ? ಯಾವತ್ತೋ ಮಾಡಿಟ್ಟಿದ್ದಾಳೆ, ನನ್ನ ವಿಷಯ ಗೊತ್ತಾಗುವ ಮೊದಲೇ, ಎಂದುಕೊಂಡೆ. ಮತ್ತೆ ಅಂಗೈ ಇಟ್ಟು ನೋಡಿದೆ. ಬಟ್ಟೆ ಇನ್ನೂ ಬೆಚ್ಚಗಿತ್ತು.

ಈ ಕಿಟಕಿಯಿಂದ ಬಟ್ಟೆಯ ಮೇಲೆ ಬಿಸಿಲೂ ಬೀಳುತ್ತಿದೆ.